ಮೊಣಕೈ ಮೇಲಿನ ಗೆರೆ

ಆ ಮಂಗಳವಾರ ಬೆಳಿಗ್ಗೆ ಲಾಂಡ್ರಿಯಾಕೆ ಒಗೆದ ಬಟ್ಟೆಯ ಗಂಟನ್ನು ಮಂಚದ ಮೇಲಿಟ್ಟವಳು ಎಂದಿನಂತೆ ಹೊರಡಲಿಲ್ಲ. ಸ್ನಾನದ ಮನೆಯಲ್ಲಿ ನೀರು ಬೀಳುವ ಸದ್ದನ್ನು ಸ್ವಲ್ಪ ಹೊತ್ತು ಆಲಿಸಿದಳು. ಆಮೇಲೆ ಗಂಟಿನಿಂದ ಅಕ್ಕನ ಉದ್ದ ತೋಳಿನ ಬಿಳಿ ಅಂಗಿಯೊಂದನ್ನು ಎಳೆದು, ತೋಳಿನ ಒಳಭಾಗವನ್ನು ಹೊರಕ್ಕೆ ತಿರುಗಿಸಿ ನನ್ನ ಮುಂದೆ ಹಿಡಿದಳು.

"ಟೀಚರಮ್ಮ, ಇದನ್ನ ಸ್ವಲ್ಪ ನೋಡಿ."

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಬಿಳಿ ಬಟ್ಟೆ ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಏನಿದೆ ಇದರಲ್ಲಿ?"

"ಈಗೇನೂ ಇಲ್ಲ, ನಾನು ತೆಗೆದಿದೀನಿ. ತಣ್ಣೀರಲ್ಲಿ ನೆನೆಸಿ, ಉಪ್ಪು ಹಚ್ಚಿ. ಮೂರು ವಾರದಿಂದ ತೆಗೀತಾನೇ ಇದೀನಿ. ರಕ್ತದ ಚುಕ್ಕಿ ಅಮ್ಮ. ಸಾಸಿವೆ ಚೆಲ್ಲಿದ ಹಾಗೆ."

"ಮೊದಲೇ ಯಾಕಮ್ಮ ಹೇಳಲಿಲ್ಲ?"

"ಸಿಸ್ಟರಮ್ಮ ತೋಳು ಒಳಗೆ ಮಡಚಿ ತುರುಕಿ ಕೊಡ್ತಿದ್ರು. ಅವರೇ ಮುಚ್ಚಿಡ್ತಿರೋವಾಗ ನಾನ್ಯಾಕೆ ಬಾಯಿ ಬಿಡ್ಲಿ ಅಂದ್ಕೊಂಡೆ. ಈ ವಾರ ಜಾಸ್ತಿ ಆಯ್ತು, ಮನಸ್ಸು ತಡೀಲಿಲ್ಲ." ಅವಳು ತೋಳಿನ ಮೇಲೆ ಒಂದು ಕಡೆ ಬೆರಳಿಟ್ಟು ತೋರಿಸಿದಳು. "ನೋಡಿ, ಮೊಣಕೈಯಿಂದ ನಾಲ್ಕು ಬೆರಳು ಮೇಲೆ. ಪ್ರತಿ ಅಂಗೀಲೂ ಅಲ್ಲಿಗೆ ನಿಂತುಬಿಡುತ್ತೆ, ಗೆರೆ ಎಳೆದ ಹಾಗೆ. ಅದರಿಂದ ಮೇಲೆ ಒಂದು ಚುಕ್ಕಿ ಇಲ್ಲ. ಎರಡು ತೋಳಲ್ಲೂ ಅಷ್ಟೇ."

"ಒಗೆಯೋ ಪುಡಿ ಒಗ್ಗಲಿಲ್ಲ, ಅದಕ್ಕೆ ತುರಿಕೆ ಅಂತ ಅಕ್ಕ ಹೇಳ್ತಿದ್ದಳು."

"ಹೌದು, ನನಗೂ ಹೇಳಿದ್ರು. ಅದಕ್ಕೇ ಈಗ ನಿಮ್ಮನೆ ಬಟ್ಟೇನ ಮೆಷಿನ್ನಿಗೆ ಹಾಕೋದೇ ಬಿಟ್ಟಿದೀನಿ. ಬೇರೆ ತೊಟ್ಟೀಲಿ ಕೈಯಲ್ಲೇ ಒಗೆದು ನಾಲ್ಕು ನೀರು ಹಿಂಡ್ತೀನಿ. ಆದ್ರೆ ಪುಡಿಯಿಂದ ಆಗೋದಾದ್ರೆ ಬೆನ್ನಿಗೂ ಆಗ್ಬೇಕಲ್ವಾ? ಕುತ್ತಿಗೆಗೂ ಆಗ್ಬೇಕು. ಮೊಣಕೈ ನೋಡ್ಕೊಂಡು ಬಂದು ಕೂತ್ಕೊಳುತ್ತಾ ಅದು?"

ಸ್ನಾನದ ಮನೆಯ ನೀರು ನಿಂತಿತು. ಅವಳು ಅಂಗಿಯನ್ನು ಮಡಚಿ ಗಂಟಿಗೆ ಸೇರಿಸಿ, ಕೈಗಳನ್ನು ಮೇಲುಡುಪಿನ ಜೇಬಿನಲ್ಲಿ ಇಳಿಬಿಟ್ಟು, ಮೆಟ್ಟಿಲಿಳಿದು ಹೋದಳು.

ನನ್ನ ಅಕ್ಕನನ್ನು ಬೀದಿಯವರೆಲ್ಲ ಸಿಸ್ಟರ್ ಎಂದು ಕರೆಯುತ್ತಾರೆ. ದೊಡ್ಡಾಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೆಂಟು ವರ್ಷ ನರ್ಸಾಗಿದ್ದವಳು. ಕೊನೆಯ ಹದಿನೈದು ವರ್ಷ ಅಲ್ಲಿನ ಹೆಡ್ ನರ್ಸ್. ಅವಳನ್ನು ಅಕ್ಕ ಎನ್ನುವವಳು ಈಗ ನಾನೊಬ್ಬಳೇ ಉಳಿದಿರುವುದು. ಅವಳಿಗೆ ಎಪ್ಪತ್ತಾರು, ನನಗೆ ಎಪ್ಪತ್ತೊಂದು. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾಗಿ ನನ್ನ ಕೂದಲೆಲ್ಲ ಬಿಳಿಯಾದರೂ ಅವಳ ಬಾಯಲ್ಲಿ ನಾನಿನ್ನೂ ಪುಟ್ಟಿ. ಅವಳು ಮದುವೆಯಾಗಲಿಲ್ಲ. ನನ್ನ ಯಜಮಾನರು ಹೋದ ಮೇಲೆ ಎರಡನೆಯ ಮಹಡಿಯ ಈ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೂ ಒಟ್ಟಿಗಿದ್ದೇವೆ.

ನಿವೃತ್ತಿಯಾದ ಮೇಲೆ ಅಕ್ಕ ಸೊರಗಿಹೋಗಿದ್ದಳು. ಕಾಯಿಲೆ ಏನೂ ಇರಲಿಲ್ಲ, ಕೆಲಸವಿರಲಿಲ್ಲ, ಅಷ್ಟೆ. ಬೆಳಿಗ್ಗೆ ಐದಕ್ಕೆದ್ದು, ತಲೆ ಬಾಚಿ, ಗಡಿಯಾರ ಕಟ್ಟಿಕೊಂಡು, ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ಕಿಟಕಿಯ ಬಳಿ ಕೂರುತ್ತಿದ್ದಳು. ಚಮಚಗಳನ್ನು ಉದ್ದದ ಪ್ರಕಾರ ಜೋಡಿಸಿ, ಕೆದರಿ, ಮತ್ತೆ ಜೋಡಿಸುತ್ತಿದ್ದಳು.

ಆ ಮಂಗಳವಾರಕ್ಕೆ ಎರಡು ತಿಂಗಳ ಹಿಂದೆ ನಾನು ಮೆಟ್ಟಿಲಲ್ಲಿ ಜಾರಿ, ಮೊಣಕಾಲ ಕೆಳಗೆ ಅಂಗೈಯಗಲ ಚರ್ಮ ಕಿತ್ತುಹೋಯಿತು. ವಯಸ್ಸಾದವರ ಕಾಲು, ರಕ್ತ ಓಡಾಡುವುದು ನಿಧಾನ, ಹುಣ್ಣು ಮಾಯಲು ಎರಡು ಮೂರು ತಿಂಗಳು ಬೇಕು, ದಿನಕ್ಕೊಂದು ಸಲವಾದರೂ ಪಟ್ಟಿ ಬದಲಿಸಬೇಕು ಎಂದರು ಕ್ಲಿನಿಕ್ಕಿನ ಡಾಕ್ಟರು. ಕ್ಲಿನಿಕ್ಕಿನಿಂದ ನರ್ಸ್ ಕಳಿಸುತ್ತೇವೆ ಎಂದಾಗ ಅಕ್ಕ ಕುರ್ಚಿಯಿಂದ ಎದ್ದು ನಿಂತುಬಿಟ್ಟಳು.

"ಮನೇಲಿ ನಾನಿರುವಾಗ ಬೇರೆ ನರ್ಸಾ?"

ಮಾರನೆಯ ದಿನದಿಂದಲೇ ಅವಳು ಹತ್ತು ವರ್ಷ ಚಿಕ್ಕವಳಾದಳು. ಬೆಳಿಗ್ಗೆ ಎಂಟಕ್ಕೊಂದು ಸಲ, ಸಂಜೆ ಐದಕ್ಕೊಂದು ಸಲ. ಒಂದು ಸಲ ಸಾಕು ಎಂದರೆ ಕೇಳುತ್ತಿರಲಿಲ್ಲ. ಬಟ್ಟಲು, ಚಿಮಟ, ಹತ್ತಿ, ಎಲ್ಲಕ್ಕೂ ಒಂದೊಂದು ಜಾಗ. ನಾನು ಕಾಲು ಚಾಚಿ ಕೂತರೆ ಅವಳು ಮಾತಾಡುತ್ತಿರಲಿಲ್ಲ, ನನ್ನನ್ನೂ ಮಾತಾಡಲು ಬಿಡುತ್ತಿರಲಿಲ್ಲ. ನೋವಾಗುವುದಕ್ಕೆ ಅರ್ಧ ಕ್ಷಣ ಮುಂಚೆ "ಈಗ" ಎನ್ನುತ್ತಿದ್ದಳು, ಅಷ್ಟೆ. ಆ ಒಂದು ಮಾತಿನಿಂದ ನೋವು ಎಷ್ಟು ಕಡಿಮೆಯಾಗುತ್ತಿತ್ತು ಎಂದು ಅವಳಿಗೆ ನಾನು ಯಾವತ್ತೂ ಹೇಳಲಿಲ್ಲ.

ಲಾಂಡ್ರಿಯಾಕೆ ಅಂಗಿ ತೋರಿಸಿದ ದಿನ ಸಂಜೆ ಐದಕ್ಕೆ ಹತ್ತು ನಿಮಿಷವಿದ್ದಾಗ ಸ್ನಾನದ ಮನೆಯ ನಲ್ಲಿ ತಿರುಗಿದ ಸದ್ದು ಕೇಳಿಸಿತು. ನಾನು ಕೋಲೂರಿಕೊಂಡು ಮೆಲ್ಲಗೆ ಹೋದೆ. ಬಾಗಿಲು ಅರ್ಧ ತೆರೆದಿತ್ತು.

ಅಕ್ಕ ಕನ್ನಡಿಯ ಎದುರು ನೆಟ್ಟಗೆ ನಿಂತಿದ್ದಳು. ಕಪಾಟಿನ ಮೇಲೆ, ಥಿಯೇಟರಿನವರು ಬೀಳ್ಕೊಡುವಾಗ ಕೊಟ್ಟಿದ್ದ ಪುಟ್ಟ ಮರಳು ಗಡಿಯಾರ ಮಗುಚಿ ನಿಂತಿತ್ತು; ಅದರ ಮರಳು ಇಳಿಯಲು ಸರಿಯಾಗಿ ಐದು ನಿಮಿಷ. ಕೈಯಲ್ಲಿ ಬಿರುಸು ಕೂದಲಿನ ಬ್ರಷ್. ಆಸ್ಪತ್ರೆ ವಾಸನೆಯ ಕಂದು ದ್ರಾವಣ ಸುರಿದುಕೊಂಡು ಉಗುರುಗಳನ್ನು ಉಜ್ಜಿದಳು. ಆಮೇಲೆ ಒಂದೊಂದು ಬೆರಳಿನ ನಾಲ್ಕು ಮಗ್ಗುಲು, ಅಂಗೈ, ಮಣಿಕಟ್ಟು, ಮುಂಗೈ, ಮೊಣಕೈ, ಮೊಣಕೈಯಿಂದ ನಾಲ್ಕು ಬೆರಳು ಮೇಲೆ. ಅಲ್ಲಿಗೆ ನಿಲ್ಲಿಸಿದಳು. ಆ ಗೆರೆಯ ಕೆಳಗೆ ಚರ್ಮ ಸುಟ್ಟ ಹಾಗೆ ಕೆಂಪಗಿತ್ತು. ಅಲ್ಲಲ್ಲಿ ಬಿರಿದಿತ್ತು. ಬೆರಳು ಕೆಂಪಾದದ್ದನ್ನು ಪುಡಿಯ ಮಾತು ನಂಬಿ ಬಿಟ್ಟಿದ್ದೆ; ಮುಂಗೈಯನ್ನು ಅವಳ ಉದ್ದ ತೋಳು ನನಗೆ ತೋರಿಸಿರಲಿಲ್ಲ. ಹೊಗೆಯಾಡುವ ಬಿಸಿನೀರಿನ ಕೆಳಗೆ ಕೈ ಹಿಡಿದಾಗ ಅವಳ ಬಾಯಿ ಬಿಗಿದುಕೊಂಡಿತು. ಆಮೇಲೆ ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ನೀರು ಮೊಣಕೈಯಿಂದ ತೊಟ್ಟಿಕ್ಕಲು ಬಿಟ್ಟಳು.

ಅಷ್ಟು ಉರಿಯಲ್ಲೂ ಕನ್ನಡಿಯಲ್ಲಿ ಅವಳ ಮುಖ ತೃಪ್ತವಾಗಿತ್ತು. ಬಾಗಿಲಾಚೆ ಡಾಕ್ಟರು, ಮೇಜಿನ ಮೇಲೆ ರೋಗಿ, ಎಲ್ಲರೂ ತನಗಾಗಿ ಕಾಯುತ್ತಿದ್ದಾರೆ ಎನ್ನುವ ಮುಖ. ಕಾಯುತ್ತಿದ್ದವಳು ಮಾತ್ರ ಕೋಲು ಹಿಡಿದ ಈ ತಂಗಿಯೊಬ್ಬಳೇ.

"ಅಕ್ಕ," ಎಂದೆ.

ಅವಳು ತಿರುಗಿದಳು. ಕೈ ಬಚ್ಚಿಡಲು ಅವಳಿಗೆ ಆಗಲಿಲ್ಲ, ತೊಳೆದ ಕೈಯನ್ನು ಯಾವುದಕ್ಕೂ ತಾಗಿಸಬಾರದು ಎನ್ನುವ ಅಭ್ಯಾಸ ಅಷ್ಟು ಗಟ್ಟಿ.

"ಬಾಗಿಲು ತಟ್ಟಿ ಬರ್ಬೇಕು ಅಂತ ಗೊತ್ತಿಲ್ವಾ?"

"ನನ್ನ ಕಾಲಿನ ಪಟ್ಟಿಗೋಸ್ಕರ ದಿನಕ್ಕೆ ಎರಡು ಸಲ ಹೀಗೆ ತಿಕ್ಕೊಂಡ್ಯಾ? ಎರಡು ತಿಂಗಳಿಂದ?"

"ಕೈ ತೊಳೀದೆ ಹುಣ್ಣು ಮುಟ್ಟೋದಾ? ಯಾವ ಶಾಲೇಲಿ ಓದಿದ್ದೆ ನೀನು?"

"ಮತ್ತೆ ಪುಡಿ ಒಗ್ಗಲಿಲ್ಲ ಅಂದೆ?"

ಅವಳು ಬಂದು ಮಂಚದ ತುದಿಯಲ್ಲಿ ಕುಳಿತಳು. ಆಗ ಅವಳ ಕಾಲುಗಳನ್ನೂ ನೋಡಿದೆ. ಕಣಕಾಲು ಬೂದಿ ಬಳಿದಂತೆ ಒಣಗಿ ಹೊಟ್ಟು ಎದ್ದಿತ್ತು. ತುರಿಕೆ ತಡೆಯಲಾರದೆ ಅದೇ ಸುಡುನೀರನ್ನು, ಅದೇ ದ್ರಾವಣ ಹಾಕಿ, ಮೈಗೆಲ್ಲ ಸುರಿದುಕೊಳ್ಳುತ್ತಿದ್ದಳಂತೆ. ಹಾಕಿದಾಗ ಸ್ವರ್ಗವಂತೆ, ಅರ್ಧ ಗಂಟೆಗೆ ಮೊದಲಿನ ಎರಡರಷ್ಟು ತುರಿಕೆಯಂತೆ.

"ನಾಳೆ ಚರ್ಮದ ಡಾಕ್ಟರ ಹತ್ರ ಹೋಗೋಣ," ಎಂದೆ.

"ಬೇಡ ಪುಟ್ಟಿ."

"ಯಾಕೆ?"

ಅವಳು ಎತ್ತಿ ಹಿಡಿದಿದ್ದ ಕೈಗಳನ್ನು ನಿಧಾನವಾಗಿ ತೊಡೆಯ ಮೇಲೆ ಇಳಿಸಿದಳು. "ಚರ್ಮ ಒಡೆದಿರೋಳು ಗಾಯ ಮುಟ್ಟೋ ಹಾಗಿಲ್ಲ ಅಂತಾರೆ. ನಂಗೊತ್ತಿಲ್ವಾ? ಎಷ್ಟು ಜನ ಹುಡುಗೀರನ್ನ ನಾನೇ ಥಿಯೇಟರ್ ಬಾಗಿಲಿಂದ ವಾಪಸ್ ಕಳ್ಸಿದೀನಿ. ಉಗುರಿನ ಪಕ್ಕ ಒಂದು ಸಿಬಿರೆದ್ದಿದ್ರೂ ಒಳಗೆ ಬಿಡ್ತಿರಲಿಲ್ಲ. ಅಳ್ತಾ ಹೋಗ್ತಿದ್ರು." ತನ್ನ ಮುಂಗೈ ನೋಡಿಕೊಂಡು, "ಇದೊಂದು ಕೆಲಸ ನನ್ನ ಕೈಯಿಂದ ಕಿತ್ಕೋಬೇಡ ಕಣೇ," ಎಂದಳು.

ಅವಳು ನನ್ನಲ್ಲಿ ಏನನ್ನಾದರೂ ಬೇಡಿದ್ದು ನನಗೆ ನೆನಪಿಲ್ಲ. ನನ್ನ ಕಾಲೇಜಿನ ದಿನಗಳಲ್ಲಿ ತಾನು ಎರಡು ಜೊತೆ ಬಟ್ಟೆಯಲ್ಲಿ ವರ್ಷ ಕಳೆದು ನನಗೆ ಪುಸ್ತಕ ಕೊಡಿಸಿದವಳು. ಸರಿ ಬಿಡು ಎನ್ನಲು ಬಾಯಿ ತೆರೆದಿದ್ದೆ. ಆದರೆ ಅವಳ ಮುಂಗೈಯ ಬಿರುಕೊಂದರಲ್ಲಿ ರಕ್ತ ಜಿನುಗಿ ಹನಿಯಾಗುತ್ತಿತ್ತು.

"ನೀನು ಬರದಿದ್ರೆ ನಾಳೆಯಿಂದ ಈ ಕಾಲು ನಿನ್ನ ಮುಂದೆ ಚಾಚಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿ ಬೇರೆ ನರ್ಸ್ ಕರೆಸ್ಕೋತೀನಿ."

"ಬೆದರಿಸ್ತೀಯಾ?"

"ಹೌದು."

"ಬೆಳೆದುಬಿಟ್ಟಿದೀಯ," ಎಂದು ಎದ್ದುಹೋದಳು. ಆ ಸಂಜೆ ಪಟ್ಟಿ ಬದಲಾಗಲಿಲ್ಲ. ಅದರಿಂದ ಹುಣ್ಣಿಗೆ ಏನೂ ಆಗಲಿಲ್ಲ, ನಮ್ಮಿಬ್ಬರಿಗೂ ಮಾತ್ರ ಊಟ ಸೇರಲಿಲ್ಲ.

ಮಾರನೆಯ ದಿನ ಅಕ್ಕ ನನ್ನ ಜೊತೆ ಹೊರಟಳು. ಚರ್ಮದ ಡಾಕ್ಟರು ಮೊಮ್ಮಗಳ ವಯಸ್ಸಿನ ಹುಡುಗಿ. ಅವರ ಕೋಣೆಯಲ್ಲಿ ಕುಳಿತ ಅಕ್ಕ ಶಾಲೆಯಲ್ಲಿ ಸಿಕ್ಕಿಬಿದ್ದ ಮಗುವಿನಂತೆ ತೋಳು ಮಡಚಿ ಕೈ ಚಾಚಿದಳು. ಡಾಕ್ಟರು ಮೊದಲು ತಮ್ಮ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡು ಆಮೇಲೆ ಅಕ್ಕನ ಕೈ ಹಿಡಿದರು. ನನಗೆ ಅಲ್ಲೇ ಧೈರ್ಯ ಬಂತು.

ಗೆರೆ ನೋಡಿದ ಕೂಡಲೆ ಅವರು ಕೇಳಿದರು: "ನೀವು ಥಿಯೇಟರಿನಲ್ಲಿದ್ರಾ?"

"ಮೂವತ್ತೆಂಟು ವರ್ಷ."

"ಬ್ರಷ್ ಹಾಕಿ?"

"ಮತ್ತೇನು, ಬರೀ ಕೈಯಲ್ಲಾ?"

"ಸಿಸ್ಟರ್, ಈಗ ಥಿಯೇಟರಿನಲ್ಲೇ ಬ್ರಷ್ಷಿನಿಂದ ಚರ್ಮ ತಿಕ್ಕೋದನ್ನ ಬಿಟ್ಟಿದಾರೆ. ತಿಕ್ಕಿದಷ್ಟೂ ಚರ್ಮ ಒಡೆಯುತ್ತೆ, ಒಡೆದ ಕಡೆ ಕ್ರಿಮಿ ಇನ್ನೂ ಜಾಸ್ತಿ ಕೂರುತ್ತೆ ಅಂತ ಗೊತ್ತಾಯ್ತು. ಮನೇಲಿ ಪಟ್ಟಿ ಕಟ್ಟೋದಕ್ಕೆ ಮಾಮೂಲಿ ಕೈ ತೊಳೆದ್ರೆ ಸಾಕು."

ಅಕ್ಕನ ಮುಖ ಇಳಿದುಹೋಯಿತು. ತನ್ನ ಊರಿಗೆ ಬಹಳ ವರ್ಷಗಳ ನಂತರ ಹೋದವಳಿಗೆ ಆ ಬೀದಿಯೇ ಈಗಿಲ್ಲ ಎಂದು ಯಾರೋ ಹೇಳಿದಂತಿತ್ತು. ಡಾಕ್ಟರು ಅದನ್ನು ಗಮನಿಸಿದರು. ಬುದ್ಧಿ ಹೇಳುವುದನ್ನು ಅಲ್ಲಿಗೇ ನಿಲ್ಲಿಸಿ ಒಂದು ದೊಡ್ಡ ಹಾಳೆ ತೆಗೆದು ಬರೆಯತೊಡಗಿದರು. ಬರೆದು ಮುಗಿಸಿ ಓದಿಹೇಳಿದರು, ಥಿಯೇಟರಿನಲ್ಲಿ ಸರ್ಜನ್ನು ಹೆಡ್ ನರ್ಸಿಗೆ ಹೇಳುವ ಧಾಟಿಯಲ್ಲಿ.

ದಿನಕ್ಕೊಂದೇ ಸ್ನಾನ. ನೀರು ಉಗುರುಬೆಚ್ಚಗೆ, ಮಣಿಕಟ್ಟಿನ ಒಳಗಡೆ ಹನಿ ಬಿಟ್ಟರೆ ಬಿಸಿ ಅಂತಲೂ ಅನಿಸಬಾರದು, ತಣ್ಣಗೂ ಅನಿಸಬಾರದು. ಕಂದು ದ್ರಾವಣ ಬಂದ್, ಬ್ರಷ್ ಬಂದ್, ವಾಸನೆಯ ಸೋಪು ಬಂದ್. ವಾಸನೆಯಿಲ್ಲದ ಮೆತ್ತನೆಯ ತೊಳೆಯುವ ದ್ರವ ಬರೆದುಕೊಟ್ಟರು, ಅದೂ ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಉಳಿದ ಕಡೆ ಬರೀ ನೀರು ಸಾಕು. ಬರಿಗೈಯಿಂದ ಸವರಬೇಕು, ತಿಕ್ಕಬಾರದು. ಐದೇ ನಿಮಿಷ. ಹಳೆಯ ಮೆತ್ತನೆ ಟವೆಲ್ಲಿನಿಂದ ಒತ್ತಿ ಒರೆಸಿ, ಮೈಯಲ್ಲಿ ಇನ್ನೂ ಸ್ವಲ್ಪ ಪಸೆ ಇರುವಾಗಲೇ ಮುಲಾಮು ಹಚ್ಚಬೇಕು. ಮೇಲಿನಿಂದ ಕೆಳಕ್ಕೆ, ರೋಮ ಇರುವ ದಿಕ್ಕಿಗೆ.

"ಒಂದು ಮಾತು ಕೊನೇಲಿ ಬರೆದಿದೀನಿ, ಸಿಸ್ಟರ್. ಬಿರುಕು ಮುಚ್ಚೋವರೆಗೆ ನಿಮ್ಮ ಕೈ ಕೆಲಸ ಮಾಡೋ ಹಾಗಿಲ್ಲ. ಸ್ನಾನ ಮಾಡಿಸೋದು ಇವರು."

"ಇವಳಾ?" ಎಂದಳು ಅಕ್ಕ. "ಇವಳಿಗೆ ಒಂದು ಲೋಟ ತೊಳೆಯೋಕೆ ಬರಲ್ಲ."

"ನೀವು ಹೇಳಿಕೊಡಿ. ಹೊಸಬರನ್ನ ತಯಾರು ಮಾಡಿಲ್ವಾ ನೀವು?"

ಅಕ್ಕ ಹಾಳೆಯನ್ನು ಕೈಗೆ ತೆಗೆದುಕೊಂಡು ಮೇಲಿಂದ ಕೆಳಕ್ಕೆ ಓದಿದಳು. "ಸಹಿ ಇಲ್ಲ," ಎಂದಳು. ಡಾಕ್ಟರು ನಗದೆ ಸಹಿ ಹಾಕಿದರು, ಸಮಯವನ್ನೂ ಬರೆದರು. ಬರೆದುಕೊಟ್ಟ ಆರ್ಡರನ್ನು ಅಕ್ಕ ತನ್ನ ಜೀವಮಾನದಲ್ಲಿ ಮೀರಿದವಳಲ್ಲ. ಅದನ್ನು ಆ ಹುಡುಗಿ ಹತ್ತು ನಿಮಿಷದಲ್ಲಿ ಹೇಗೆ ಕಂಡುಕೊಂಡಳೋ!

ಮೊದಲ ದಿನದ ಸ್ನಾನ ಒಂದು ಯುದ್ಧ. ಸ್ನಾನದ ಮನೆಯಲ್ಲಿ ಎರಡು ಸ್ಟೂಲು ಹಾಕಿದೆವು, ಅವಳಿಗೊಂದು, ನಿಂತರೆ ಕಾಲು ನೋಯುವ ನನಗೊಂದು. ಸಾವಿರಾರು ಜನರ ಮೈಯನ್ನು ಹುಟ್ಟಿದಂತೆ ಕಂಡವಳು ತಾನು ಮಾತ್ರ ಟವೆಲ್ಲನ್ನು ಎದೆಗೆ ಅವಚಿ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು.

"ನೀರೆಷ್ಟು ಬಿಸಿ?"

"ಉಗುರುಬೆಚ್ಚಗೆ."

"ಅಂದಾಜು ಬೇಡ. ಥರ್ಮಾಮೀಟರ್ ಅಲ್ಲಿದೆ."

ಅಳತೆ ನೋಡಿದೆ. ಮರಳು ಗಡಿಯಾರ ಮಗುಚಿದೆ. ಮಗ್ಗಿನಿಂದ ನೀರನ್ನು ಭುಜದ ಮೇಲೆ ಮೆಲ್ಲಗೆ ಹರಿಯಬಿಟ್ಟೆ. ಅವಳ ಮೈ ಬಿಗಿದುಕೊಂಡೇ ಇತ್ತು. ಬೆನ್ನಿನ ಚರ್ಮ ಬಾಡಿದ ಎಲೆಯ ಹಾಗೆ ತೆಳುವಾಗಿ ಸುಕ್ಕಾಗಿತ್ತು. ಬೆರಳಿಟ್ಟರೆ ಎಲ್ಲಿ ಹರಿಯುತ್ತದೋ ಎಂದು ನನ್ನ ಕೈ ಅಳುಕಿತು.

"ಮುಟ್ಟೋದಾದ್ರೆ ಸರಿಯಾಗಿ ಮುಟ್ಟು," ಎಂದಳು ಗೋಡೆಯ ಕಡೆಯಿಂದಲೇ. "ಹೆದರಿದ ಕೈ ರೋಗಿಗೆ ಗೊತ್ತಾಗುತ್ತೆ. ಬೆರಳ ತುದಿಯಲ್ಲ, ಪೂರ್ತಿ ಅಂಗೈ ಇಡು. ಹಾಂ. ಈಗ ಕೆಳಕ್ಕೆ ಬಾ. ತಿಕ್ಕೇ ಸ್ವಲ್ಪ, ತುರಿಸ್ತಿದೆ."

"ತಿಕ್ಕೋ ಹಾಗಿಲ್ಲ. ಆರ್ಡರ್."

"ಒಂದೇ ಒಂದ್ಸಲ."

"ಸಹಿ ಇದೆ ಅಕ್ಕ, ಸಮಯಾನೂ ಇದೆ."

ಅವಳು ಹಲ್ಲು ಕಚ್ಚಿದಳು. ನಾನು ಒದ್ದೆ ಅಂಗೈಯನ್ನು ತುರಿಸುತ್ತಿದ್ದ ಕಡೆ ಹಾಗೇ ಇಟ್ಟುಕೊಂಡೆ, ಅದು ಇಳಿಯುವವರೆಗೂ.

"ಚಿಕ್ಕವಳಿದ್ದಾಗ ನೀನು ನನಗೆ ಸ್ನಾನ ಮಾಡಿಸ್ತಿದ್ದದ್ದು ಜ್ಞಾಪಕ ಇದ್ಯಾ?" ಎಂದೆ. "ತಳ ಹಿಡಿದ ಪಾತ್ರೆ ತಿಕ್ಕೋ ಹಾಗೆ ತಿಕ್ತಿದ್ದೆ. ಅರವತ್ತು ವರ್ಷ ಕಾದಿದ್ದೆ ಸೇಡು ತೀರಿಸ್ಕೊಳ್ಳೋಕೆ. ಈಗ ಕೈಗೆ ಸಿಕ್ಕಿದೀಯ, ಡಾಕ್ಟರು ಬಿಡ್ತಿಲ್ಲ."

ಅವಳ ಬೆನ್ನು ಕುಲುಕತೊಡಗಿತು. ನಗುತ್ತಿದ್ದಳು. ನಗುತ್ತಲೇ ಭುಜ ಸಡಿಲವಾಯಿತು, ಟವೆಲ್ ಜಾರಿ ತೊಡೆಯ ಮೇಲೆ ಬಿತ್ತು, ಅವಳು ಅದನ್ನು ಮತ್ತೆ ಎತ್ತಿಕೊಳ್ಳಲಿಲ್ಲ.

ಪಟ್ಟಿ ಕಟ್ಟುವ ಕೆಲಸವೂ ನನ್ನ ಪಾಲಿಗೇ ಬಂತು. ಮುಲಾಮಿನ ಮೇಲೆ ಬಿಳಿ ಹತ್ತಿಯ ಕೈಗವಸು ತೊಟ್ಟ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಕ್ಕ ನನ್ನ ಪಕ್ಕ ನಿಲ್ಲುತ್ತಿದ್ದಳು. ಆ ಕೈಗಳು ಹಿಂದಿನಿಂದ ಮುಂದಕ್ಕೆ ಬರಲು ಎಷ್ಟು ಹವಣಿಸುತ್ತಿದ್ದವು ಎಂದು ಅವಳ ಮೊಣಕೈ ನೋಡಿದರೇ ತಿಳಿಯುತ್ತಿತ್ತು. "ಚಿಮಟ ಪೆನ್ಸಿಲ್ ಥರ ಹಿಡ್ಕೋ. ಅದು ಪೊರಕೆ ಅಲ್ಲ," ಎನ್ನುವಳು. "ಹುಣ್ಣಿಗೆ ಅಂಟಿದ್ರೆ ಎಳೀಬೇಡ, ನೆನೆಸು." ನಾಲ್ಕನೆಯ ದಿನ ನನಗೆ ಪಟ್ಟಿ ತೆಗೆಯಲು ಹೆದರಿಕೆಯಾಗಿ ಕೈ ನಿಂತಾಗ, ಅವಳು ಬಗ್ಗಿ ನನ್ನ ಕಿವಿಯ ಹತ್ತಿರ ಮೆಲ್ಲಗೆ "ಈಗ" ಎಂದಳು. ನಾನು ತೆಗೆದೆ. ಹಾಗೆ ಇಬ್ಬರೂ ಸೇರಿ ಒಂದು ನರ್ಸಿನ ಕೆಲಸ ಮಾಡುತ್ತಿದ್ದೆವು.

ಆದರೂ ಮಧ್ಯಾಹ್ನದ ಹೊತ್ತು ಅವಳು ಕಿಟಕಿಯ ಬಳಿ ಕೂತು ಕೈಗವಸಿನ ಬೆರಳುಗಳನ್ನು ಸುಮ್ಮನೆ ನೋಡುತ್ತಿದ್ದಾಗ ನನಗೆ ಭಯವಾಗುತ್ತಿತ್ತು. ಕೈ ವಾಸಿಯಾಗುವುದರೊಳಗೆ ಹುಣ್ಣೂ ಮಾಯ್ದುಹೋದರೆ? ಮತ್ತೆ ಚಮಚ ಜೋಡಿಸುವ ದಿನಗಳು ಬಂದರೆ? ಗಾಯ ಬೇಗ ಮಾಯದಿರಲಿ ಎಂದು ಹಾರೈಸಿದ ರೋಗಿ ಬಹುಶಃ ನಾನೊಬ್ಬಳೇ ಇರಬೇಕು.

ಮೂರನೆಯ ವಾರ ಬಿರುಕುಗಳು ಮುಚ್ಚಿದವು. ಐದನೆಯ ವಾರಕ್ಕೆ ಗೆರೆ ಮಾಸಿ, ಹುಡುಕಿದರೆ ಸಿಗುವಷ್ಟಾಯಿತು. ಕಣಕಾಲಿನ ಬೂದಿ ಹೋಗಿ ಮುಲಾಮಿನ ಹೊಳಪು ಬಂತು. ಡಾಕ್ಟರು ಅಕ್ಕನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಡ್ಯೂಟಿಗೆ ಹೋಗಬಹುದು," ಎಂದರು. ಅಂದು ಸಂಜೆ ಅಕ್ಕ ಬ್ರಷ್ ಇಲ್ಲದೆ, ವಾಸನೆಯಿಲ್ಲದ ದ್ರವದಿಂದ ಕೈ ತೊಳೆದು, ಒತ್ತಿ ಒರೆಸಿಕೊಂಡು, ನನ್ನ ಕಾಲ ಬಳಿ ಕುಳಿತಳು. ಪಟ್ಟಿ ಬಿಚ್ಚಿದಳು. ತುಂಬ ಹೊತ್ತು ನೋಡಿದಳು.

ಹುಣ್ಣಿರಲಿಲ್ಲ. ನಸುಗೆಂಪು ಹೊಸ ಚರ್ಮ, ನುಣ್ಣಗೆ, ಮಗುವಿನ ಕೆನ್ನೆಯ ಹಾಗೆ.

"ಮುಗೀತಲ್ಲೇ," ಎಂದಳು.

"ಇನ್ನೆರಡು ದಿನ ಕಟ್ಟು. ಆ ಮೂಲೇಲಿ ಇನ್ನೂ ಹಸಿ ಇದ್ದ ಹಾಗಿದೆ."

"ಸುಳ್ಳು ಹೇಳ್ಬೇಡ. ನಿನಗೆ ಬರಲ್ಲ."

ಅವಳು ಬಟ್ಟಲು, ಚಿಮಟ, ಹತ್ತಿ ಎಲ್ಲವನ್ನೂ ತೊಳೆದು ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದಳು. ಮಾರನೆಯ ಬೆಳಿಗ್ಗೆ ಎಂಟು ಗಂಟೆಗೆ ಮಾಡಲು ಏನೂ ಇರಲಿಲ್ಲ. ಅವಳು ಚಮಚದ ಡ್ರಾಯರ್ ಎಳೆದ ಸದ್ದು ಕೇಳಿ ನಾನು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡೆ.

ಅಷ್ಟರಲ್ಲಿ ಲಾಂಡ್ರಿಯಾಕೆ ಬಂದಳು. ಗಂಟು ಇಳಿಸಿ, ಎಂದಿನಂತೆ ಕೈಗಳನ್ನು ಜೇಬಿಗೆ ಇಳಿಬಿಟ್ಟು, "ಈಗ ತೋಳು ಸ್ವಚ್ಛ ಇದೆ ಸಿಸ್ಟರಮ್ಮ. ನನಗೆ ಉಪ್ಪು ಉಳೀತು," ಎಂದು ನಕ್ಕಳು.

ಅಕ್ಕ ನಗಲಿಲ್ಲ. ಗಂಟಿನ ಮೇಲಿದ್ದ ದಿಂಬಿನ ಹೊದಿಕೆಯನ್ನು ಎತ್ತಿ ಬೆಳಕಿಗೆ ಹಿಡಿದಿದ್ದಳು. ಅದರ ಮೂಲೆಯಲ್ಲಿ, ಮಡಚುವಾಗ ಹೆಬ್ಬೆರಳು ಒತ್ತುವ ಜಾಗದಲ್ಲಿ, ಕೆಂಪು ಚುಕ್ಕಿಯೊಂದಿತ್ತು.

"ಇದು ನಮ್ಮದಲ್ಲ," ಎಂದಳು. "ಕೈ ತೆಗಿ ಹೊರಗೆ."

"ಏನಿಲ್ಲ ಬಿಡಿ ಸಿಸ್ಟರಮ್ಮ. ಆ ಹೊದಿಕೆ ಕೊಡಿ, ಮತ್ತೆ ಒಗೆದು ತರ್ತೀನಿ."

"ಕೈ ತೆಗಿ ಅಂದೆ."

ಥಿಯೇಟರಿನ ಆ ದನಿಗೆ ಯಾರೂ ಎದುರಾಡಿದ್ದಿಲ್ಲ. ಲಾಂಡ್ರಿಯಾಕೆ ಕೈ ಹೊರಗೆ ತೆಗೆದಳು. ಬೆರಳುಗಳ ಸಂದು ಬಿಳಿಚಿ ಸುಲಿದಿತ್ತು, ಗೆಣ್ಣುಗೆಣ್ಣಿಗೂ ಬಿರುಕು, ಹೆಬ್ಬೆರಳ ಪಕ್ಕ ಹಸಿ ಸೀಳು. ಅವಳು ಆರು ವರ್ಷದಿಂದ ಮಂಗಳವಾರ, ಶುಕ್ರವಾರ ಎಂದು ವಾರಕ್ಕೆರಡು ಸಲ ಈ ಮನೆಗೆ ಬರುತ್ತಿದ್ದಾಳೆ. ಆ ಕೈಗಳು ಯಾಕೆ ಸದಾ ಜೇಬಿನಲ್ಲಿರುತ್ತವೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಅವಳೋ ಅಂಗಿಯ ಎರಡು ತೋಳಿನಿಂದ ನಮ್ಮ ಮನೆಯ ಗುಟ್ಟನ್ನೆಲ್ಲ ಓದಿಬಿಟ್ಟಿದ್ದಳು.

"ಇಷ್ಟೊಂದು ಯಾವಾಗಿಂದ?" ಅಕ್ಕ ಕೇಳಿದಳು.

"ಮೊದಲಿಂದಾನೂ ಇದೆ. ಈಗ ಸ್ವಲ್ಪ ಜಾಸ್ತಿ. ಕೈಯಲ್ಲಿ ಒಗೀತೀನಲ್ಲ, ನಾಲ್ಕು ನೀರು."

"ನಮ್ಮ ಮನೆ ಬಟ್ಟೇನ."

"ಹಾಂ. ಪುಡಿ ಒಗ್ಗಲಿಲ್ಲ ಅಂದ್ರಲ್ಲ ನೀವು."

ಅಕ್ಕ ದಿಂಬಿನ ಹೊದಿಕೆಯನ್ನು ಮೆಲ್ಲಗೆ ಮಂಚದ ಮೇಲಿಟ್ಟಳು. "ಅದು ಸುಳ್ಳು," ಎಂದಳು. "ಪುಡಿಯಿಂದ ಅಲ್ಲ, ನಾನೇ ಮಾಡ್ಕೊಂಡದ್ದು. ಮುಚ್ಚಿಡೋಕೆ ನಿನ್ನ ಮೇಲೆ ಹಾಕಿದೆ. ತಪ್ಪು ನಂದು."

ಲಾಂಡ್ರಿಯಾಕೆ ನನ್ನ ಮುಖ ನೋಡಿದಳು. "ಅಯ್ಯೋ, ನನಗೆ ಆಗಲೇ ಗೊತ್ತಿತ್ತಲ್ಲ ಸಿಸ್ಟರಮ್ಮ," ಎಂದಳು. "ಪುಡಿಯಿಂದ ಅಲ್ಲ ಅಂತ."

"ಗೊತ್ತಿದ್ದೂ ನಾಲ್ಕು ನೀರು ಹಿಂಡಿದ್ಯಾ?"

"ಒಂದು ವೇಳೆ ನಾನೇ ತಪ್ಪು ತಿಳ್ಕೊಂಡಿದ್ರೆ? ಅದಕ್ಕೇ."

ಅಕ್ಕನ ಕಣ್ಣು ತುಂಬಿತು. ಅವಳು ಅದನ್ನು ತೋರಿಸಿಕೊಳ್ಳದೆ ಸ್ನಾನದ ಮನೆಗೆ ನಡೆದಳು. "ನಾಳೆಯಿಂದ ನಮ್ಮ ಬಟ್ಟೆ ಮೆಷಿನ್ನಿಗೆ ಹಾಕು. ಬೇರೆಯವರದ್ದು ಕೈಯಲ್ಲಿ ಒಗೆಯೋದಿದ್ರೆ ಒಳಗೆ ಹತ್ತಿ ಕೈಗವಸು, ಮೇಲೆ ರಬ್ಬರಿನದು. ನನ್ನ ಹತ್ರ ಎರಡು ಜೊತೆ ಇದೆ, ಕೊಡ್ತೀನಿ. ಈಗ ಬಾ ಇಲ್ಲಿ. ಕೂತ್ಕೋ ಸ್ಟೂಲಿನ ಮೇಲೆ."

"ಯಾಕೆ?"

"ಕೈ ತೊಳೀತೀನಿ."

"ಚೆನ್ನಾಗಿದೆ! ಬೆಳಗಿಂದ ಸಂಜೆವರೆಗೆ ನೀರಲ್ಲೇ ಇರೋ ಕೈ ಇದು. ಇನ್ನೂ ತೊಳೆಯೋದೇನು ಬಂತು?"

"ಅದು ಬಟ್ಟೆ ತೊಳೆದದ್ದು. ಕೈ ತೊಳೆದದ್ದಲ್ಲ. ಕೂತ್ಕೋ."

"ಅಂಗಡಿ ತೆಗೆದಿಟ್ಟು ಬಂದಿದೀನಿ ಸಿಸ್ಟರಮ್ಮ."

"ಐದೇ ನಿಮಿಷ," ಎಂದು ಅಕ್ಕ ಮರಳು ಗಡಿಯಾರವನ್ನು ಮಗುಚಿದಳು.

ನಾನು ಕೋಲಿಲ್ಲದೆ ಎದ್ದು ಬಾಗಿಲವರೆಗೆ ಹೋದೆ. ಅಕ್ಕ ಬೋಗುಣಿಯ ನೀರಿಗೆ ಥರ್ಮಾಮೀಟರ್ ಅದ್ದಿ ನೋಡಿ, ಸ್ವಲ್ಪ ತಣ್ಣೀರು ಬೆರೆಸಿದಳು. ಲಾಂಡ್ರಿಯಾಕೆಯ ಬಲಗೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದು ನೀರಿನೊಳಗೆ ಇಳಿಸಿದಳು. ಹಸಿ ಸೀಳಿನ ಮೇಲೆ ನೀರು ಬರುವ ಮೊದಲು, "ಈಗ," ಎಂದಳು. ಲಾಂಡ್ರಿಯಾಕೆ ಕಣ್ಣು ಮುಚ್ಚಿದಳು. ಆಮೇಲೆ ನಿಧಾನವಾಗಿ ತೆರೆದು, ತನ್ನ ಕೈ ಯಾರದೋ ಎನ್ನುವಂತೆ ನೋಡುತ್ತ ಕುಳಿತಳು.

"ಉರಿಯುತ್ತಾ?"

"ಇಲ್ಲ." ಸ್ವಲ್ಪ ಹೊತ್ತಾದ ಮೇಲೆ, "ಇನ್ನೊಂದು ಕೈಗೂ ಇದ್ಯಾ?" ಎಂದಳು.

"ಎರಡು ಕೈಗೂ ಇದೆ. ಶುಕ್ರವಾರವೂ ಇದೆ. ಬಟ್ಟೆ ಇಲ್ಲದಿದ್ರೂ ಬಾ." ಅಕ್ಕ ತಲೆಯೆತ್ತದೆ ನನ್ನ ಕಡೆ ಕೈ ಚಾಚಿದಳು. "ಪುಟ್ಟಿ, ಬಾಗಿಲಲ್ಲಿ ನಿಂತು ಏನು ನೋಡ್ತಿದೀಯ? ಟವೆಲ್ ತಾ. ಅದಲ್ಲ, ಹಳೇದು, ಮೆತ್ತಗಿರೋದು. ಒತ್ತಬೇಕು, ಉಜ್ಜಬಾರದು. ನಿನಗೆ ಎಷ್ಟು ಸಲ ಹೇಳ್ಬೇಕು?"

ನಾನು ಹಳೆಯ ಟವೆಲ್ ತೆಗೆದುಕೊಂಡೆ. ಹಿಂದೆ ಚಮಚದ ಡ್ರಾಯರು ಅರ್ಧ ತೆರೆದೇ ಇತ್ತು. ಹೋಗುತ್ತ ಅದನ್ನು ಸೊಂಟದಿಂದ ತಳ್ಳಿ ಮುಚ್ಚಿದೆ.